ಯೆನಾನಿನ ಆತ್ಮಕಥೆಗಳನ್ನು ಓದುವ ಮುನ್ನ

ಚಿ. ವಿದ್ಯಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇತ್ತ ಎಲ್ಲರೂ ಕ್ಷೇಮ. ನಿನ್ನ ಪ್ರಬಂಧದ ಮೂರನೇ ಅಧ್ಯಾಯ ಓದಿದೆ. ಭಾಷೆಯ ಬಗ್ಗೆ ತಕರಾರಿಲ್ಲ. ಆದರೆ ಚೀನಾದ ಕಮ್ಯುನಿಸ್ಟರು ತಮ್ಮ ನೆಲೆಯಾಗಿದ್ದ ಯೆನಾನಿನಲ್ಲಿ ಕೇಡರ್‌ಗಳನ್ನು, ಅಂದರೆ ಪಕ್ಷದ ಕಾರ್ಯಕರ್ತರನ್ನು, ತಯಾರು ಮಾಡಿದ ಬಗೆಯನ್ನು ಒಂದೇ ಪ್ಯಾರಾದಲ್ಲಿ ದಾಟಿ, ನೇರವಾಗಿ 1943ರ ಗೂಢಚಾರರ ಬೇಟೆಗೆ ಹಾರಿಬಿಟ್ಟಿದ್ದೀಯ. ಅಷ್ಟು ಅವಸರ ಬೇಡ ಮಗಳೇ.

1937ರಲ್ಲಿ ಜಪಾನಿನ ದಾಳಿ ಜೋರಾದಾಗ ಶಾಂಘೈಯಂಥ ಊರುಗಳಿಂದ ಓದಿದ ಹುಡುಗ ಹುಡುಗಿಯರು ಆ ಬಡ ಗುಡ್ಡಗಾಡಿಗೆ ತಾವಾಗಿಯೇ ಹೋದರು. ಗುಡ್ಡ ಕೊರೆದು ಮಾಡಿದ ಗುಹೆಗಳಲ್ಲಿ ವಾಸ. ಜಪಾನ್ ವಿರೋಧಿ ಸೈನಿಕ-ರಾಜಕೀಯ ವಿಶ್ವವಿದ್ಯಾಲಯ ಅಂತ ಒಂದಿತ್ತು, ಲಿನ್ ಬಿಯಾವೊ ಅದರ ಮುಖ್ಯಸ್ಥ. ಮಾವೋ ಅಲ್ಲಿ ತತ್ತ್ವಶಾಸ್ತ್ರದ ಉಪನ್ಯಾಸ ಕೊಡುತ್ತಿದ್ದ. ಬಂದವರಿಗೆ ದೇಶ ಉಳಿಸುವ ಹುರುಪಿತ್ತು. ಅದನ್ನು ಬಿಟ್ಟರೆ ಮುಂದಿನದು ಯಾಕೆ ಅಷ್ಟು ನೋಯಿಸಿತು ಅನ್ನುವುದು ನಿನ್ನ ಓದುಗನಿಗೆ ಗೊತ್ತಾಗುವುದಿಲ್ಲ.

1942ರ ಫೆಬ್ರವರಿಯಲ್ಲಿ ಪಕ್ಷದ ಶಾಲೆಯಲ್ಲಿ ಮಾವೋ ಮಾಡಿದ ಭಾಷಣದಿಂದ ಪಕ್ಷದವರ ವಿಚಾರಗಳನ್ನು ಸರಿಪಡಿಸುವ 'ತಿದ್ದುವ ಚಳವಳಿ' ಶುರು. ಇಪ್ಪತ್ತೆರಡು ದಸ್ತಾವೇಜುಗಳನ್ನು ಎಲ್ಲರೂ ಓದಬೇಕು, ಸಣ್ಣ ಗುಂಪಿನಲ್ಲಿ ಕೂತು ಚರ್ಚಿಸಬೇಕು, ಟಿಪ್ಪಣಿ ಬರೆಯಬೇಕು. ಆ ಟಿಪ್ಪಣಿಗಳನ್ನು ಮೇಲಿನವರು ತರಿಸಿ ನೋಡುತ್ತಿದ್ದರು. ಆಮೇಲೆ ಪ್ರತಿಯೊಬ್ಬರೂ ತಮ್ಮ ಬದುಕಿನ ಕಥೆ ಬರೆದುಕೊಡಬೇಕು: ಅಪ್ಪನಿಗೆ ಎಷ್ಟು ಜಮೀನು, ಓದಿದ್ದೆಲ್ಲಿ, ಯೆನಾನಿಗೆ ಕರೆತಂದವರು ಯಾರು. ಸಾಲದು ಅನಿಸಿದರೆ ಮತ್ತೆ ಬರೆಸುತ್ತಿದ್ದರು. ನನ್ನ ಮಟ್ಟಿಗೆ ಇಡೀ ವಿಷಯದ ಕೀಲಿ ಇಲ್ಲೇ ಇದೆ. ಕಲಿಸುವ ಸಾಧನವೂ ತನಿಖೆಯ ಕಡತವೂ ಒಂದೇ ಕಾಗದ. ಪಾಠ ಎಲ್ಲಿ ಮುಗಿಯಿತು, ವಿಚಾರಣೆ ಎಲ್ಲಿ ಶುರುವಾಯಿತು ಎಂದು ಬರೆಯುತ್ತಿದ್ದವನಿಗೇ ತಿಳಿಯುತ್ತಿರಲಿಲ್ಲ.

ನಾಯಕರಿಗೊಂದು ಊಟ, ಉಳಿದವರಿಗೊಂದು ಊಟ ಎಂದು ಪತ್ರಿಕೆಯಲ್ಲಿ ಬರೆದ ಲೇಖಕ ವಾಂಗ್ ಶಿವೆಯ್ ಮೊದಲು ಸಿಕ್ಕಿಬಿದ್ದ. 1947ರಲ್ಲಿ ಅವನನ್ನು ಕೊಂದರು. ಅವನ ಮೇಲಿನ ಆರೋಪ ಸುಳ್ಳೆಂದು ಸರ್ಕಾರ ಒಪ್ಪಿದ್ದು 1991ರಲ್ಲಿ!

ಪಕ್ಷದ ಗುಪ್ತಚರ ಮುಖ್ಯಸ್ಥ ಕಾಂಗ್ ಶೆಂಗ್ 1943ರ ಜುಲೈ 15ರಂದು ಶುರು ಮಾಡಿದ 'ರಕ್ಷಣೆ'ಯ (ದಾರಿ ತಪ್ಪಿದವರನ್ನು ಉಳಿಸುವುದು ಎಂಬ ಹೆಸರಿನಲ್ಲಿ ನಡೆದ ಗೂಢಚಾರರ ಬೇಟೆಯ) ಹೊತ್ತಿಗೆ, ಕಮ್ಯುನಿಸ್ಟರ ಎದುರಾಳಿಯಾದ ಕುವೊಮಿಂಟಾಂಗ್ ಪಕ್ಷದ ಸೇನೆ ಹತ್ತಿರದಲ್ಲೇ ಜಮಾಯಿಸಿತ್ತು, ದಿಗ್ಬಂಧನವೂ ಇತ್ತು. ಭಯ ಬರೀ ನಾಟಕವಲ್ಲ, ಅದನ್ನೂ ಬರೆ. ಆದರೆ ಒತ್ತಡಕ್ಕೆ ಸಿಕ್ಕವರು ತಾವು ಗೂಢಚಾರರೆಂದು ಒಪ್ಪಿಕೊಂಡರು, ಬೇರೆಯವರ ಹೆಸರನ್ನೂ ಹೇಳಿದರು. ಆಗಸ್ಟಿನಲ್ಲಿ ಕೇಂದ್ರ ಸಮಿತಿ 'ಯಾರನ್ನೂ ಕೊಲ್ಲಬಾರದು, ಬಹುಪಾಲು ಜನರನ್ನು ಬಂಧಿಸಬಾರದು' ಎಂದು ಕಡಿವಾಣ ಹಾಕಿತು. ಮರುಪರಿಶೀಲನೆಯಲ್ಲಿ ಹೆಚ್ಚಿನವರು ನಿರಪರಾಧಿಗಳೆಂದು ತಿಳಿದು, ಮಾವೋನೇ ಕ್ಷಮೆ ಕೇಳಿದ.

ಆದ್ದರಿಂದ ನೀನು ಉದ್ಧರಿಸಿರುವ ಆ ತಪ್ಪೊಪ್ಪಿಗೆಗಳನ್ನು ಸಾಕ್ಷ್ಯ ಅಂತ ಇಡಬೇಡ. ಪ್ರತಿಯೊಂದರ ಪಕ್ಕದಲ್ಲಿ ತಾರೀಖು ಹಾಕು, ಎಷ್ಟನೇ ಸಲ ಬರೆದದ್ದು, ಯಾರು ಓದಲೆಂದು ಬರೆದದ್ದು ಎಂದು ಹುಡುಕು. ಸಿಗದಿದ್ದರೆ ಆ ಉದ್ಧರಣೆ ತೆಗೆದುಬಿಡು, ಗೈಡ್ ಏನೇ ಅನ್ನಲಿ.

ಯುದ್ಧದಲ್ಲಿ ಗಾಯಗೊಂಡವರ ಚಿಕಿತ್ಸೆಗೆಂದು ಭಾರತದಿಂದ ಚೀನಾಕ್ಕೆ ಹೋದ ಸೊಲ್ಲಾಪುರದ ಡಾ. ಕೋಟ್ನೀಸರನ್ನು ಈ ಅಧ್ಯಾಯಕ್ಕೆ ಎಳೆದು ತಂದದ್ದೂ ಸರಿಯಲ್ಲ. 1939ರಲ್ಲಿ ಯೆನಾನ್ ತಲುಪಿದರು ನಿಜ, ಆದರೆ ಆಮೇಲೆ ಯುದ್ಧರಂಗದ ಕಡೆ ಹೋಗಿ, 1942ರ ಡಿಸೆಂಬರಿನಲ್ಲಿ ಅಲ್ಲೇ ತೀರಿಕೊಂಡರು. ಅಡಿಟಿಪ್ಪಣಿಯಲ್ಲಿ ಇರಲಿ ಸಾಕು.

ತಿದ್ದಿದ ಪ್ರತಿಯನ್ನು ಮೊಬೈಲಿಗೆ ಹಾಕಬೇಡ, ಪ್ರಿಂಟ್ ತೆಗೆಸಿ ಅಂಚೆಯಲ್ಲಿ ಕಳಿಸು. ನಿನ್ನಪ್ಪನಿಗೆ ಬಿ.ಪಿ. ಮಾತ್ರೆ ತಪ್ಪಿಸಬೇಡ ಅಂತ ಹೇಳು.

ಇಂತಿ,
ನಿನ್ನ ದೊಡ್ಡಪ್ಪ