ಕೊಕ್ಕರೆ ಬೆಳ್ಳೂರಿನಲ್ಲಿ ಮರ ಬೆಳೆಸೋಕೆ ನಿಮ್ಮ ಕೈಲಾದಷ್ಟು ಕೊಡಿ

ಎಲ್ರಿಗೂ ನಮಸ್ಕಾರ. ಬೆಳ್ಳೂರು ಅಂದ ಕೂಡ್ಲೆ ಜನ ನಾಗಮಂಗಲ ಕಡೆ ಬೆಳ್ಳೂರು ಕ್ರಾಸಾ ಅಂತಾರೆ, ಅಲ್ಲ ಸ್ವಾಮಿ, ನಮ್ದು ಮದ್ದೂರು ತಾಲ್ಲೂಕು, ಶಿಂಷಾ ಹೊಳೆ ಕಡೆ, ಕೊಕ್ಕರೆ ಬೆಳ್ಳೂರು. ಹೆಸರಿನ ಮುಂದೆ ಕೊಕ್ಕರೆ ಸೇರಿದ್ದು ಹಕ್ಕಿಗಳಿಂದ್ಲೇ. ಊರು ಮೊದ್ಲು ಹೊಳೆಗೆ ಇನ್ನೂ ಹತ್ರ ಇತ್ತಂತೆ, 1916ರ ಸುಮಾರಿಗೆ ಪ್ಲೇಗ್ ಬಂದು ಜನ ಊರು ಬಿಟ್ಟು ಈಗಿನ ಜಾಗಕ್ಕೆ ಬಂದ್ರು, ಅವ್ರ ಹಿಂದೇನೆ ಹಕ್ಕಿಗಳೂ ಬಂದ್ವು ಅಂತ ಹಿರೀಕರು ಹೇಳ್ತಾರೆ.

ಕೊಕ್ಕರೆ ಅಷ್ಟೇ ಅಲ್ಲ, ಹೆಜ್ಜಾರ್ಲೆನೂ (ಪೆಲಿಕನ್) ಬರ್ತವೆ. ಚಳಿಗಾಲಕ್ಕೆ ಬಂದು ಮನೆ ಪಕ್ಕದ ಹುಣಸೆ ಮರದಲ್ಲೇ ಗೂಡು ಕಟ್ಟಿ ಮರಿ ಮಾಡಿ ಮಳೆಗಾಲ ಶುರುವಾಗೋ ಹೊತ್ತಿಗೆ ಹೋಗ್ತವೆ, ಮಗಳು ಬಾಣಂತನಕ್ಕೆ ತವರಿಗೆ ಬಂದಂಗೆ ಅಂತಾನೇ ಇಲ್ಲಿ ಎಲ್ರೂ ಹೇಳೋದು. ವಾಸ್ನೆ ಇಲ್ವಾ ಅಂದ್ರೆ ಇದೆ, ಮೀನು ವಾಸ್ನೆ, ಸುಳ್ಳು ಯಾಕೆ ಹೇಳ್ಬೇಕು. ಆದ್ರೆ ಮರದ ಕೆಳಗೆ ಗುಂಡಿ ತೋಡಿ ಕೆರೆಗೋಡು, ಅಂದ್ರೆ ಕೆರೆ ಹೂಳು ಮಣ್ಣು, ತುಂಬಿಸಿಟ್ರೆ ಹಿಕ್ಕೆ ಬಿದ್ದು ಬಿದ್ದು ಒಳ್ಳೆ ಗೊಬ್ರ ಆಗುತ್ತೆ, ಅದನ್ನ ಹೊಲಕ್ಕೆ ಹೊಡೀತೀವಿ.

ಕಷ್ಟ ಇರೋದು ಮರದ್ದು. ಹಕ್ಕಿ ಕೂತ ಮರದಲ್ಲಿ ಎಲೆಯೆಲ್ಲ ಬೆಳ್ಳಗಾಗಿ ಹುಣಸೆ ಫಸಲು ಕೈಗೆ ಸಿಗಲ್ಲ, ಅರಣ್ಯ ಇಲಾಖೆ ಪರಿಹಾರ ಅಂತ ಕೊಡುತ್ತೆ, ಆದ್ರೂ ಕೈಯಲ್ಲಿ ಕಾಸಿಲ್ದೇ ಇದ್ದಾಗ ಮರ ಮಾರೋಣ ಅಂತ ಅನ್ಸೋದು ಸಹಜ ಕಣ್ರೀ, ನಾವು ಯಾರನ್ನೂ ದೂರಲ್ಲ. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶ ಅಂತ ಘೋಷಣೆ ಆಯ್ತು, ಸಂತೋಷ, ಆದ್ರೆ ಬೋರ್ಡ್ ಮೇಲೆ ಹಕ್ಕಿ ಗೂಡು ಕಟ್ಟಲ್ವಲ್ಲ. ಹಳೇ ಮರ ಹೋದ್ರೆ ಜಾಗಕ್ಕೆ ಇನ್ನೊಂದು ಬೇಕು, ಹುಣಸೆ ಗೂಡು ಹೊರೋ ಅಷ್ಟು ಆಗೋಕೆ ಎಷ್ಟೋ ವರ್ಷ ಬೇಕು.

ಅದಕ್ಕೆ ಶಾಲೆ ಹಳೇ ಸ್ಟೂಡೆಂಟ್ಸ್ ಎಲ್ಲ ಸೇರಿ ಈ ಮಳೆಗಾಲಕ್ಕೆ ಹುಣಸೆ, ಅರಳಿ, ಗೋಣಿ ಗಿಡ ನೆಡ್ತಾ ಇದೀವಿ. ಗುಂಡಿ ತೆಗಿಯೋದು, ನೀರು ಹಾಕೋದು ನಮ್ಮ ಕೆಲ್ಸ. ದುಡ್ಡು ಬೇಕಿರೋದು ಆಡು ತಿನ್ನದಂಗೆ ಕಬ್ಬಿಣದ ಗಾರ್ಡ್‌ಗೆ, ಬೇಸಿಗೇಲಿ ಟ್ಯಾಂಕರ್‌ಗೆ, ಜೊತೆಗೆ ಗಾಳಿಗೆ ಗೂಡಿಂದ ಬಿದ್ದ ಮರಿಗಳಿಗೆ ಮೀನು ತರೋಕೆ.

ನೂರು ರೂಪಾಯಿ ಆದ್ರೂ ಸರಿ, ಒಂದು ಗಿಡದ ಪೂರ್ತಿ ಖರ್ಚು ವಹಿಸ್ಕೊಂಡ್ರೂ ಸರಿ. ಶಾಲೆ ಆಫೀಸಲ್ಲಿ ಕೊಟ್ಟು ರಸೀದಿ ತಗೊಳ್ಳಿ, ಲೆಕ್ಕ ಪ್ರತಿ ತಿಂಗಳು ನೋಟಿಸ್ ಬೋರ್ಡಿಗೆ ಹಾಕ್ತೀವಿ. ದುಡ್ಡು ಆಗಲ್ಲ ಅಂದ್ರೆ ಹಳೇ ತಂತಿ ಬೇಲಿ, ಡ್ರಮ್ಮು ಕೊಟ್ರೂ ಆಗುತ್ತೆ, ಮದ್ದೂರುವರೆಗೆ ಬಂದು ನಾವೇ ಗಾಡೀಲಿ ತಗೊಂಡು ಹೋಗ್ತೀವಿ.