ಓಟ ಬಿಡಬೇಡ, ಹೊತ್ತು ಬದಲಿಸು

ತುಮಕೂರು

ಚಿ. ಪುಟ್ಟುವಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ರಾತ್ರಿ ಓಡಿ ಬಂದು ಮಲಗಿದರೆ ಒಂದು ಗಂಟೆಯಾದರೂ ನಿನಗೆ ನಿದ್ದೆ ಹತ್ತುವುದಿಲ್ಲ, ಬೆಳಿಗ್ಗೆ ಬೆಂಗಳೂರು ರೈಲಿನಲ್ಲಿ ತೂಕಡಿಸಿಕೊಂಡು ಹೋಗುತ್ತೀಯ ಎಂದು ನಿಮ್ಮಮ್ಮ ಹೇಳಿದಳು. ಓಟವನ್ನೇ ಬಿಡಿಸು ಅಂತ ಅವಳ ಹಟ. ನಾನು ಹಾಗೆ ಹೇಳುವುದಿಲ್ಲ. ದಿನವಿಡೀ ಕುರ್ಚಿಯಲ್ಲಿ ಕೂತು, ಮತ್ತೆ 70 ಕಿ.ಮೀ. ರೈಲಿನಲ್ಲಿ ಬರುವವನಿಗೆ ವ್ಯಾಯಾಮ ಬೇಕೇ ಬೇಕು. ಹದವಾಗಿ ಮಾಡಿದರೆ ಸಂಜೆಯ ವ್ಯಾಯಾಮ ನಿದ್ದೆಗೂ ಒಳ್ಳೆಯದೇ. ನೀನು ತಪ್ಪಿರುವುದು ಹೊತ್ತಿನಲ್ಲಿ ಮತ್ತು ಬಿರುಸಿನಲ್ಲಿ. ಹತ್ತೂಮುಕ್ಕಾಲರವರೆಗೆ ಏದುಸಿರು ಬಿಡುತ್ತಾ ಓಡಿ, ಹನ್ನೊಂದೂಕಾಲಿಗೆ ದಿಂಬಿಗೆ ತಲೆಯಿಟ್ಟರೆ ನಿದ್ದೆ ಎಲ್ಲಿಂದ ಬರಬೇಕು?

ಮೈಯ ಒಳಗಿನ ಬಿಸಿ ಇಳಿಮುಖವಾದಾಗಲೇ ನಿದ್ದೆ ಬರುವುದು. ಇಳಿಸಂಜೆಯಲ್ಲಿ ಅದು ದಿನದಲ್ಲೇ ಹೆಚ್ಚಿರುತ್ತದೆ, ಬೆಳಗಿನ ಜಾವ 4–5ರ ಹೊತ್ತಿಗೆ ತೀರ ಕಡಿಮೆಯಾಗುತ್ತದೆ. ಮಲಗುವ ಮುಂಚೆ ಅಂಗೈ, ಅಂಗಾಲು ಬೆಚ್ಚಗಾಗುತ್ತವಲ್ಲ, ಅದು ಒಳಗಿನ ಶಾಖ ಚರ್ಮದ ಮೂಲಕ ಹೊರಗೆ ಹೋಗುತ್ತಿರುವ ಲಕ್ಷಣ. ಬಿರುಸಿನ ಓಟ ಆ ಬಿಸಿಯನ್ನು ಒಂದು ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಏರಿಸಬಲ್ಲದು. ಅದು ಇಳಿಯಲು ಒಂದು ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೇಕು. ಜೊತೆಗೆ ಮೈಯನ್ನು ಚುರುಕಾಗಿಸುವ ಅಡ್ರಿನಲಿನ್ ಎಂಬ ಹಾರ್ಮೋನು ಏರಿರುತ್ತದೆ, ಎದೆಬಡಿತವೂ ಬೇಗ ಇಳಿಯುವುದಿಲ್ಲ. ಕಾಲು ಸೋತಿದ್ದರೂ ಮೈ ಒಳಗೆ ಎಚ್ಚರವಾಗಿಯೇ ಇರುತ್ತದೆ.

ಆದ್ದರಿಂದ ಓಟದ ನಂತರ ಊಟ ಎಂದು ಕ್ರಮ ಬದಲಿಸು. ರೈಲಿಳಿದು ಮನೆಗೆ ಬಂದವನು ಸೋಫಾದಲ್ಲಿ ಕೂರದೆ ನೇರ ಷೂ ಕಟ್ಟಿಕೋ. 8:15ಕ್ಕೆ ಹೊರಟರೆ 9ಕ್ಕೆ ಮುಗಿಯುತ್ತದೆ. ಮೊದಲ 8 ನಿಮಿಷ ಚುರುಕು ನಡಿಗೆ, ನಡುವೆ 25 ನಿಮಿಷ ನಿಧಾನದ ಓಟ, ಕೊನೆಯ 10 ನಿಮಿಷ ಬರೀ ನಡಿಗೆ. ಈ ಕೊನೆಯದನ್ನೇ ಎಲ್ಲರೂ ಬಿಡುವುದು. ಓಡುತ್ತಿದ್ದವನು ಗೇಟಿನ ಮುಂದೆ ಗಕ್ಕನೆ ನಿಂತರೆ ರಕ್ತ ಕಾಲಲ್ಲೇ ಉಳಿದು ತಲೆ ಸುತ್ತುತ್ತದೆ.

ಬಿರುಸು ಅಳೆಯಲು ನಿನ್ನ ಮಾತೇ ಸಾಕು. ಓಡುತ್ತಲೇ ಪೂರ್ತಿ ವಾಕ್ಯ ಆಡಲು ಬರಬೇಕು, ಹಾಡು ಹೇಳಲು ಮಾತ್ರ ಉಸಿರು ಸಾಲಬಾರದು. ಮೂರು ಪದಕ್ಕೊಮ್ಮೆ ಉಸಿರು ಎಳೆದುಕೊಳ್ಳುತ್ತಿದ್ದರೆ ಅದು ರಾತ್ರಿಗೆ ತಕ್ಕ ಓಟವಲ್ಲ. ಕೈಗೆ ಕಟ್ಟಿಕೊಂಡ ವಾಚೇ ಬೇಕೆಂದರೆ, 220ರಲ್ಲಿ ನಿನ್ನ ವಯಸ್ಸು 27 ಕಳೆ, 193. ನಿನ್ನ ಎದೆ ನಿಮಿಷಕ್ಕೆ ಹೆಚ್ಚೆಂದರೆ ಅಷ್ಟು ಬಾರಿ ಬಡಿಯಬಲ್ಲದು. ಅದರ ಮುಕ್ಕಾಲು ಪಾಲು, ಸುಮಾರು 145 ಬಡಿತ, ದಾಟಬೇಡ. ಲೆಕ್ಕ ಅಂದಾಜಿನದು, ಮಾತಿನ ಪರೀಕ್ಷೆಯನ್ನೇ ಹೆಚ್ಚು ನಂಬು. ದಮ್ಮು ಕಟ್ಟಿ ಓಡುವ ಆಸೆಯನ್ನು ಭಾನುವಾರ ಬೆಳಿಗ್ಗೆಗೆ ಇಟ್ಟುಕೋ. ಬೆಳಗಿನ ಬಿಸಿಲು ಕಣ್ಣಿಗೆ ಬಿದ್ದರೆ ರಾತ್ರಿ ನಿದ್ದೆಯೂ ಹೊತ್ತಿಗೆ ಸರಿಯಾಗಿ ಬರುತ್ತದೆ.

ಯಶವಂತಪುರದಲ್ಲಿ ರೈಲು ಹತ್ತುವಾಗ ಕುಡಿಯುತ್ತೀಯಲ್ಲ ಆ ಕಾಫಿ, ಅದನ್ನು ಬಿಡು. ಕಾಫಿಯ ಕೆಫೀನು ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಹಿಡಿಯುತ್ತದೆ. ಸಂಜೆ ಆರೂವರೆಗೆ ಕುಡಿದದ್ದರ ಅರ್ಧ ಹನ್ನೊಂದೂವರೆಗೂ ಮೈಯಲ್ಲೇ ಇರುತ್ತದೆ. ಹಸಿವಾದರೆ ಒಂದು ಬಾಳೆಹಣ್ಣು, ಇಲ್ಲವೇ ಒಂದು ಹಿಡಿ ಹುರಿದ ಕಡಲೆಕಾಯಿ ಸಾಕು. ಮುದ್ದೆ ಉಂಡು ಓಡಬೇಡ, ಪಕ್ಕೆ ಹಿಡಿಯುತ್ತದೆ. 9:15ಕ್ಕೆ ಮುದ್ದೆಯ ಗಾತ್ರ ಸ್ವಲ್ಪ ಇಳಿಸಿ ಸೊಪ್ಪಿನ ಸಾರಿನಲ್ಲಿ ಉಣ್ಣು, ಖಾರದ ಬಸ್ಸಾರು ಮಧ್ಯಾಹ್ನಕ್ಕಿರಲಿ. ನೀರನ್ನು ಓಟ ಮುಗಿದ ಕೂಡಲೇ ಎರಡು ಲೋಟ ಕುಡಿದುಬಿಡು. ಹತ್ತೂವರೆಗೆ ಚೆಂಬು ಎತ್ತಿ ಗಟಗಟ ಕುಡಿದರೆ ಎರಡು ಗಂಟೆಗೆ ಎದ್ದು ಹೋಗಬೇಕಾಗುತ್ತದೆ.

ಸ್ನಾನಕ್ಕೆ ತಣ್ಣೀರು ಸುರಿದುಕೊಂಡರೆ ಮೈ ಬೇಗ ತಣಿಯುತ್ತದೆ ಎಂದುಕೊಂಡಿದ್ದೀಯ. ಕೊರೆಯುವ ನೀರಿಗೆ ಚರ್ಮದ ರಕ್ತನಾಳ ಬಿಗಿದುಕೊಳ್ಳುತ್ತದೆ, ಶಾಖ ಹೊರಹೋಗುವ ದಾರಿಯೇ ಕಿರಿದಾಗುತ್ತದೆ. ಮಲಗುವುದಕ್ಕೆ ಒಂದು ಗಂಟೆ ಮುಂಚೆ ಹತ್ತು ನಿಮಿಷ ಬೆಚ್ಚನೆಯ ನೀರಿನಲ್ಲಿ ಮಾಡು. ಮಾಗಿಯಲ್ಲಿ ಬೆವರಿದ ಬನಿಯನ್ನನ್ನು ಮನೆಗೆ ಬಂದ ತಕ್ಷಣ ಬದಲಿಸು, ನಮ್ಮೂರಿನ ಡಿಸೆಂಬರ್ ಗಾಳಿ ಬೆನ್ನಿಗೆ ಹೊಡೆಯುತ್ತದೆ.

ರಿಂಗ್ ರೋಡು ಬೇಡ, ಪುಟ್ಟು. ಇದು ನಿದ್ದೆಗಿಂತ ದೊಡ್ಡ ಮಾತು. ಲಾರಿಯವನಿಗೆ ಕಪ್ಪು ಟೀಶರ್ಟ್ ತೊಟ್ಟವನು ಹತ್ತಿರ ಬರುವವರೆಗೂ ಕಾಣುವುದಿಲ್ಲ. ಎಸ್‌ಐಟಿ ಬಡಾವಣೆಯ ಒಳರಸ್ತೆಗಳಲ್ಲೇ ನಾಲ್ಕು ಸುತ್ತು ಹಾಕು. ಫುಟ್‌ಪಾತ್ ಇಲ್ಲದ ಕಡೆ ಬಲಬದಿಯಲ್ಲಿ, ಎದುರಿನಿಂದ ಬರುವ ಗಾಡಿ ನಿನ್ನ ಕಣ್ಣಿಗೆ ಕಾಣುವಂತೆ ಓಡು. ತಿಳಿ ಬಣ್ಣದ ಅಂಗಿ ಹಾಕು, ಅದರ ಮೇಲೆ ಬೆಳಕಿಗೆ ಹೊಳೆಯುವ ಪಟ್ಟಿ ಇರಲಿ. ಕಿವಿಯಲ್ಲಿ ಇಯರ್‌ಫೋನ್ ಬೇಡ. ನಾಯಿ ಅಟ್ಟಿಸಿಕೊಂಡು ಬಂದರೆ ಓಟ ನಿಲ್ಲಿಸು, ಅದರ ಕಣ್ಣನ್ನೇ ದಿಟ್ಟಿಸದೆ ಮೆಲ್ಲಗೆ ಹಿಂದೆ ಸರಿ.

ಮಲಗಿ ಇಪ್ಪತ್ತು ನಿಮಿಷವಾದರೂ ನಿದ್ದೆ ಬಾರದಿದ್ದರೆ ಹೊರಳಾಡಬೇಡ. ಎದ್ದು ಮಂದ ಬೆಳಕಿನಲ್ಲಿ ಕೂತಿದ್ದು, ಕಣ್ಣು ಎಳೆದಾಗ ಮತ್ತೆ ಮಲಗು. ಆ ಹೊತ್ತಿನಲ್ಲಿ ಮೊಬೈಲ್ ಮುಟ್ಟಬೇಡ. ಬೆಳಿಗ್ಗೆ ಹಾಸಿಗೆ ಬಿಡುವ ಮುಂಚೆ ಒಂದು ನಿಮಿಷ ನಾಡಿ ಎಣಿಸು. ದಿನದ ಎಣಿಕೆಗಿಂತ ಎಂಟು ಹತ್ತು ಹೆಚ್ಚಿದ್ದರೆ ಅಂದು ರಾತ್ರಿ ಓಟಕ್ಕೆ ರಜೆ ಕೊಟ್ಟು ಬರೀ ನಡೆ. ಓಡುವಾಗ ಎದೆ ಹಿಡಿದಂತಾದರೆ ಮಾತ್ರ ಅಲ್ಲೇ ನಿಲ್ಲಿಸಿ ತಡಮಾಡದೆ ವೈದ್ಯರನ್ನು ಕಾಣು.

ಓಟ ಮುಗಿದ ಹೊತ್ತು, ಮಲಗಿದ ಹೊತ್ತು, ಬೆಳಗಿನ ನಾಡಿ, ಈ ಮೂರನ್ನು ಎರಡು ವಾರ ಒಂದು ಪುಸ್ತಕದಲ್ಲಿ ಬರೆದಿಡು. ಹಬ್ಬಕ್ಕೆ ಬರುವಾಗ ತಾ, ಕೂತು ನೋಡೋಣ.

ಇತಿ,
ನಿನ್ನ ಮಾವ