ಅಷ್ಟೊಂದು ನೀರು ನೋಡಿ ಬಂದ ಮೇಲೆ ಗುಂಡನಿಗೊಂದು ಪತ್ರ

ಪ್ರೀತಿಯ ಗುಂಡ,

ವಿಯೆಟ್ನಾಂನಿಂದ ಊರಿಗೆ ಬಂದು ಹನ್ನೊಂದು ದಿನ ಆಯಿತು. ನೀನು ಕಳಿಸಿದ ಫೋಟೊಗಳನ್ನೆಲ್ಲ ಅಮ್ಮನಿಗೆ ತೋರಿಸಿದೆ. ಹಸಿರು ಬಕೆಟ್ ಫೋಟೊ ಮಾತ್ರ ಯಾರಿಗೂ ಕಳಿಸಬೇಡ, ಕೈ ಮುಗಿಯುತ್ತೇನೆ.

ಇದನ್ನು ಎಲ್ಲರೂ ಓದುವ ಕಡೆ ಬರೆಯುತ್ತಿದ್ದೇನೆ. ನಿನ್ನ ಎದುರು ಕೂತು ಹೇಳಲು ಎರಡು ಸಲ ನೋಡಿದೆ, ಆಗಲಿಲ್ಲ. ನಾಲ್ಕು ಜನ ಓದುತ್ತಾರೆ ಅಂದರೆ ಅರ್ಧಕ್ಕೆ ನಿಲ್ಲಿಸೋಕೆ ಆಗಲ್ಲ, ಅಲ್ವಾ?

ಸೈಗಾನ್ ನೆನಪಾದರೆ ಈಗಲೂ ಕಿವಿಯಲ್ಲಿ ಸ್ಕೂಟರ್ ಸದ್ದು. ಹೋ ಚಿ ಮಿನ್ ಸಿಟಿ ಅಂತ ಹೆಸರಾಗಿ ಇಷ್ಟು ವರ್ಷವಾದರೂ ಅಲ್ಲಿನವರ ಬಾಯಲ್ಲಿ ಅದು ಸೈಗಾನೇ. ಬೆನ್ ಥಾನ್ ಮಾರ್ಕೆಟ್ ಮುಂದೆ ರಸ್ತೆ ದಾಟುವಾಗ ನನ್ನ ಕೈ ಹಿಡಿದುಕೊಂಡೆಯಲ್ಲ. ಓಡಬೇಡ, ನಿಲ್ಲಬೇಡ, ಸುಮ್ನೆ ಒಂದೇ ಸಮ ನಡಿ ಅಂದೆ. ಸ್ಕೂಟರ್‌ಗಳೇ ನಮ್ಮನ್ನು ಬಳಸಿಕೊಂಡು ಹೋದವು. ನಾಲ್ಕನೇ ಕ್ಲಾಸಿನಲ್ಲಿ ಹೈವೇ ದಾಟಿಸಿದ ಕೈಯೂ ಅದೇ.

ಮೆಕಾಂಗ್ ನದಿ ಕಡಲು ಸೇರುವ ಮುಖಜ ಭೂಮಿಗೆ ಇಳಿದ ಮೇಲೆ ನಾನು ಯಾಕೆ ಮಂಕಾದೆ ಅಂತ ನೀನು ಕೇಳಿದೆ. ಹೊಟ್ಟೆ ಸರಿ ಇಲ್ಲ ಅಂದೆ. ಸುಳ್ಳು. ಕಾನ್ ಥೋದಲ್ಲಿ ಬೆಳಗಿನ ಐದು ಗಂಟೆಗೆ ಕಾಯ್ ರಾಂಗ್ ತೇಲುವ ಸಂತೆಗೆ ಹೋದೆವು. ಮಾರುವ ಸರಕನ್ನೇ ಗಳಕ್ಕೆ ಕಟ್ಟಿ ಎತ್ತಿದ್ದ ದೋಣಿಗಳು. ಒಂದರಲ್ಲಿ ಅನಾನಸ್, ಒಂದರಲ್ಲಿ ಕುಂಬಳ. ನೀನು ಬೋರ್‌ಗೆ ಪಾಯಿಂಟ್ ನೋಡುವವರ ಹಾಗೆ ಎಳನೀರನ್ನು ಅಂಗೈ ಮೇಲೆ ಮಲಗಿಸಿಕೊಂಡು ಕಣ್ಣು ಮುಚ್ಚಿದೆ. ನಾನು ನಕ್ಕೆ. ಆಮೇಲೆ ನಗು ನಿಂತುಹೋಯಿತು. ಆಚೆ ದಡ ಅಷ್ಟು ದೂರ ಕಾಣುವ ನದಿ. ಟಿಬೆಟ್‌ನಿಂದ 4,000 ಕಿಲೋಮೀಟರಿಗೂ ಜಾಸ್ತಿ ಹರಿದು ಬಂದ ನೀರು. ಅದನ್ನು ನೋಡಿ ನನಗೆ ಸಿಟ್ಟು ಬಂತು ಗುಂಡ. ಅದೆಷ್ಟು ಸಿಟ್ಟು ಅಂದರೆ ಕಣ್ಣಲ್ಲಿ ನೀರು ಬಂತು.

ಬೆನ್ ತ್ರೆ ಕಡೆ ನಾವು ಉಳಿದ ಮನೆ ನೆನಪಿದೆಯಾ? ಹಿತ್ತಲಲ್ಲೇ ಕಾಲುವೆ, ಅಂಗಳದಲ್ಲಿ ಸಾಲಾಗಿ ದೊಡ್ಡ ದೊಡ್ಡ ಗುಡಾಣ. ಮಳೆ ನೀರು ತುಂಬಿಡುವುದಕ್ಕೆ. ನದಿ ಪಕ್ಕದಲ್ಲಿದ್ದೂ ಯಾಕೆ ಅಂತ ಕೇಳಿದೆವು. ಬೇಸಿಗೆಯಲ್ಲಿ ನದಿ ಸೊರಗಿದರೆ ಕಡಲು ಒಳಗೆ ನುಗ್ಗುತ್ತದೆ, ನೀರು ಉಪ್ಪಾಗುತ್ತದೆ ಅಂದರು ಆ ಮನೆಯಾಕೆ. 2016ರಲ್ಲಿ ಹಾಗೇ ಆಯಿತಂತೆ, 2020ರಲ್ಲಿ ಮತ್ತೆ. ಮೇಲೆ ಅಣೆಕಟ್ಟುಗಳು ಮೆಕ್ಕಲು ಮಣ್ಣನ್ನು ತಡೆಯುತ್ತವೆ, ಕೆಳಗೆ ಮರಳು ಬಗೆಯುತ್ತಾರೆ. ಇವರು ಸಿಹಿನೀರಿಗೆ ಬೋರ್ ಕೊರೆಸುತ್ತಾರೆ. ನೀರು ಎಳೆದಷ್ಟೂ ನೆಲ ಕುಸಿಯುತ್ತದೆ. ಆ ನೆಲ ಇರುವುದೇ ಕಡಲಿಗಿಂತ ಒಂದು ಮೀಟರಿನಷ್ಟು ಎತ್ತರದಲ್ಲಿ. ನಮ್ಮ ಕೋಲಾರ 800 ಮೀಟರ್ ಮೇಲಿದೆ. ಬೋರ್ ಮಾತ್ರ ಎರಡು ಕಡೆಯೂ ಅದೇ.

ನೀರಿಗೂ ದೇಶಕ್ಕೂ ಅವರ ಭಾಷೆಯಲ್ಲಿ ಒಂದೇ ಮಾತು, ನುವೊಕ್. ಇದನ್ನು ನಿನಗೆ ನಾಲ್ಕು ಸಲ ಹೇಳಿದೆ. ಹೇಳಬೇಕಿದ್ದದ್ದು ಬೇರೆ.

2014ರ ಬೇಸಿಗೆ. ಐದು ಬೋರ್ ಫೇಲ್ ಆಗಿದ್ದವು. ಅಮ್ಮನ ಬಳೆ ಅಡವಿಟ್ಟು ಅಪ್ಪ ಆರನೆಯದಕ್ಕೆ ರಿಗ್ ಕರೆಸಿದರು. ಪಾಯಿಂಟ್ ನೋಡುವವನು ಎರಡು ಜಾಗ ತೋರಿಸಿದ. ಒಂದು ಬೇವಿನ ಮರದ ಹತ್ತಿರ, ಇನ್ನೊಂದು ನಿಮ್ಮ ಬದುವಿನ ಪಕ್ಕ. ನಿಮ್ಮ ಬೋರ್ ಅಲ್ಲಿಂದ ಎಷ್ಟು ಹತ್ತಿರ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಅಪ್ಪ ನನ್ನ ಮುಖ ನೋಡಿದರು. ಬದುವಿನ ಕಡೆಯೇ ಹಾಕಿಸೋಣ ಅಂದವನು ನಾನು. 1,300 ಅಡಿಗೆ ಎರಡು ಇಂಚು ನೀರು ಬಿತ್ತು. ಧೂಳು ಹೋಗಿ ಕೆಸರು ಚಿಮ್ಮಿದಾಗ ನೀನೂ ಬಂದು ನನ್ನ ಜೊತೆ ಕುಣಿದೆ.

ಮೂರು ವಾರಕ್ಕೆ ನಿಮ್ಮ 900 ಅಡಿ ಬೋರ್ ಗಾಳಿ ಬಿಡಲು ಶುರು ಮಾಡಿತು. ಟೊಮೆಟೊ ಹೂವಲ್ಲೇ ಒಣಗಿತು. ನೀನು ಕಾಲೇಜು ಬಿಟ್ಟು ನರಸಾಪುರದ ಫ್ಯಾಕ್ಟರಿಗೆ ಸೇರಿದೆ. ನಿಮ್ಮಪ್ಪ ಒಂದು ದಿನವೂ ನಮ್ಮ ಮನೆ ಮುಂದೆ ದನಿ ಎತ್ತಲಿಲ್ಲ. ಕುಡಿಯೋಕೆ ನಮ್ಮ ತೊಟ್ಟಿಯಿಂದಲೇ ಎರಡು ಕೊಡ ಒಯ್ಯುತ್ತಿದ್ದರು. ಪ್ರತಿ ಸಲ ಅಮ್ಮನನ್ನು ಕೇಳಿಯೇ ಒಯ್ಯುತ್ತಿದ್ದರು. ನಾನು ಒಳಗೆ ಹೋಗಿಬಿಡುತ್ತಿದ್ದೆ.

ನಿನಗೆ ಇದು ಗೊತ್ತಿತ್ತೋ ಇಲ್ಲವೋ, ಈವರೆಗೆ ಕೇಳಿಲ್ಲ. ಗೊತ್ತಿದ್ದೂ ನನ್ನ ಕೈ ಹಿಡಿದು ರಸ್ತೆ ದಾಟಿಸಿದೆಯಾ ಅಂತ ಆ ಗುಡಾಣಗಳ ಮುಂದೆ ರಾತ್ರಿಯೆಲ್ಲ ಯೋಚಿಸಿದೆ. ತಪ್ಪಾಯಿತು ಗುಂಡ.

ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ಪ್ರವಾಸದ ಖರ್ಚಿನ ಲೆಕ್ಕ ಕಳಿಸೋಣ ಅಂತ ಕೂತವನು. ಲೆಕ್ಕದಲ್ಲಿ ನೀನೇ ನನಗೆ ಕೊಡಬೇಕು, ಅದನ್ನು ಮರೆಯಬೇಡ.

2018ರಿಂದ ಬೆಂಗಳೂರಿನ ಕೊಳಚೆಯನ್ನು ಶುದ್ಧ ಮಾಡಿ ಬಿಡುವ ಕೆ.ಸಿ. ವ್ಯಾಲಿ ನೀರು ಈಗ ನಮ್ಮ ಕೆರೆಯಲ್ಲೂ ನಿಂತಿದೆ. ನಿನ್ನೆ ಸಂಜೆ ಕಟ್ಟೆ ಮೇಲೆ ಹೋಗಿದ್ದೆ. ಕೊಕ್ಕರೆಗಳು ಬಂದಿವೆ.

ಭಾನುವಾರ ಮನೆಗೆ ಬರ್ತೀನಿ. ಬೆನ್ ತ್ರೆಯ ಕೊಬ್ಬರಿ ಮಿಠಾಯಿ ಒಂದು ಡಬ್ಬಿ ನಿಮ್ಮಪ್ಪನಿಗೆ ಅಂತ ಎತ್ತಿಟ್ಟಿದ್ದೇನೆ. ಒಳಗಿನ ತೆಳು ಹಾಳೆ ಬಿಡಿಸೋಕೆ ಒದ್ದಾಡುವುದು ಬೇಡ ಅಂತ ಹೇಳು. ಅದು ಅಕ್ಕಿಯದು, ಹಾಗೇ ತಿನ್ನಬಹುದು.

ನಿನ್ನವನೇ,
ಬದುವಿನ ಆಚೆ ಮನೆಯವನು